ಅರ್ಧ ನಿಮಿಷದ ಉಸಿರು

ಮುಳುಗುವ ಮುನ್ನ ಆಕೆ ಐದರಿಂದ ಹತ್ತು ಸೆಕೆಂಡು ಜೋರಾಗಿ ಉಸಿರಾಡುತ್ತಾಳೆ, ಅಷ್ಟೇ. ತೇಲುಬುರುಡೆಯ ಮೇಲೆ ಎದೆ ಒರಗಿಸಿ, ತುಟಿ ಕಿರಿದು ಮಾಡಿ ಗಾಳಿಯನ್ನು ಹೊರಗೆ ಊದುತ್ತಾಳೆ. ಕೊನೆಗೊಂದು ಉಸಿರನ್ನು ಒಳಗೆಳೆದುಕೊಳ್ಳುತ್ತಾಳೆ. ಆ ಉಸಿರನ್ನೂ ಎದೆ ಬಿರಿಯುವಷ್ಟು ತುಂಬಿಕೊಳ್ಳುವುದಿಲ್ಲ, ಹಿಡಿಸುವುದಕ್ಕಿಂತ ಒಂದಿಷ್ಟು ಕಡಿಮೆ. ಆಮೇಲೆ ತಲೆ ಕೆಳಗೆ, ಕಾಲು ಮೇಲೆ. ಐದಾರು ಮೀಟರ್ ಕೆಳಗಿರುವ ಬಂಡೆ ಮುಟ್ಟಿ, ಸಂದಿಗಳಲ್ಲಿ ಕೈಯಾಡಿಸಿ, ಕಬ್ಬಿಣದ ಚಪ್ಪಟೆ ಮೀಟುಗೋಲನ್ನು ಅಬಲೋನ್ ಎಂಬ ಚಿಪ್ಪುಜೀವಿಯ ಅಡಿಗೆ ತೂರಿಸಿ ಒಂದೇ ಏಟಿಗೆ ಎಬ್ಬಿಸಬೇಕು. ಮೊದಲ ಏಟು ತಪ್ಪಿದರೆ ಆ ಜೀವಿ ಬಂಡೆಗೆ ಕಚ್ಚಿಕೊಂಡುಬಿಡುತ್ತದೆ. ತಳದಲ್ಲಿ ಆಕೆಗೆ ಸಿಗುವುದು ಹದಿನೈದು ಸೆಕೆಂಡು. ಇಳಿದು ಏರುವುದಕ್ಕೆ ಇನ್ನೊಂದು ಹದಿನೈದು. ಮೇಲೆ ಬಂದವಳೇ ಹಿಡಿದಿಟ್ಟ ಉಸಿರನ್ನು ಸಿಳ್ಳಿನಂಥ ಸದ್ದು ಮಾಡುತ್ತ ಬಿಡುತ್ತಾಳೆ, ಕೈಯಲ್ಲಿದ್ದುದನ್ನು ಬಲೆಚೀಲಕ್ಕೆ ಹಾಕುತ್ತಾಳೆ, ಅರ್ಧ ನಿಮಿಷ ಸುಧಾರಿಸಿಕೊಳ್ಳುತ್ತಾಳೆ, ಮತ್ತೆ ಮುಳುಗುತ್ತಾಳೆ. ಗಂಟೆಗೆ ಸುಮಾರು 60 ಸಲ.

ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಈ ಹೆಂಗಸರಿಗೆ ಹೆನ್ಯೊ ಎಂದು ಹೆಸರು. ಜಪಾನಿನ ಕರಾವಳಿಯಲ್ಲಿ ಇಂಥದೇ ಕಸುಬಿನವರನ್ನು ಅಮಾ ಎನ್ನುತ್ತಾರೆ. ಜೆಜು ಜ್ವಾಲಾಮುಖಿ ಕಟ್ಟಿದ ದ್ವೀಪ. ಮಳೆ ಸುರಿದರೂ ನೀರು ಕಲ್ಲಿನ ಸಂದಿಯಲ್ಲಿ ಇಂಗಿಹೋಗುತ್ತದೆ, ಭತ್ತದ ಗದ್ದೆಗೆ ನೆಲ ಒಗ್ಗುವುದಿಲ್ಲ. ಊಟಕ್ಕೂ ಮಕ್ಕಳ ಶಾಲೆಯ ಖರ್ಚಿಗೂ ಕಡಲೇ ಗತಿಯಾಗಿತ್ತು. ಹಿಂದೆ ಅರಮನೆಗೆ ಅಬಲೋನ್ ಕಾಣಿಕೆ ಒಪ್ಪಿಸುವ ಹೊರೆ ದ್ವೀಪದ ಮೇಲಿತ್ತು. ಆಗ ಗಂಡಸರೂ ಮುಳುಗುತ್ತಿದ್ದರು. ಕಾಣಿಕೆಯ ಕಾಟ ತಾಳಲಾರದೆ ಗಂಡಸರು ದ್ವೀಪ ಬಿಟ್ಟು ಓಡಿಹೋಗುತ್ತ, ದೋಣಿಗಳ ಜೊತೆ ಕಡಲಲ್ಲೇ ಕಳೆದುಹೋಗುತ್ತ, ಕ್ರಮೇಣ ಕೆಲಸವೆಲ್ಲ ಹೆಂಗಸರ ಪಾಲಿಗೆ ಬಂತು ಎಂದು ಇತಿಹಾಸಕಾರರು ಹೇಳುತ್ತಾರೆ. ಯುನೆಸ್ಕೊ 2016ರಲ್ಲಿ ಹೆನ್ಯೊ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ವಿವರಣೆಯ ಪ್ರಕಾರ ಇವರು ದಿನಕ್ಕೆ ಏಳು ಗಂಟೆಯವರೆಗೆ, ವರ್ಷಕ್ಕೆ 90 ದಿನ ಮುಳುಗುತ್ತಾರೆ. ಹತ್ತು ಮೀಟರ್ ಆಳಕ್ಕೆ ಹೋಗಬಲ್ಲರು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ.

ಸಾಗರದಡಿಯ ಶೋಧದಲ್ಲಿ ಹೆಂಗಸರ ಪಾತ್ರ ಎಂದ ಕೂಡಲೇ ನೌಕೆ, ಮುಖವಾಡ, ರಬ್ಬರ್ ಉಡುಪಿನ ಕೆಲವು ಪ್ರಸಿದ್ಧ ಮುಖಗಳು ಕಣ್ಣ ಮುಂದೆ ಬರುತ್ತವೆ. ಅವರ ಕಥೆಗೂ ಬರುತ್ತೇನೆ. ಆದರೆ ಮನುಷ್ಯನ ದೇಹ ನೀರಿನೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನದ ಕೈಯಲ್ಲಿರುವ ಉತ್ತರಗಳಲ್ಲಿ ದೊಡ್ಡದೊಂದು ಪಾಲು ಬಂದದ್ದು ಕೂಲಿಗಾಗಿ, ಅನ್ನಕ್ಕಾಗಿ ಮುಳುಗಿದ ಈ ಹೆಂಗಸರ ದೇಹದಿಂದ. ಹಾಗಾಗಿ ಮೊದಲು ಅವರು.

1960ರ ದಶಕದಲ್ಲಿ ಇಬ್ಬರು ಶರೀರಶಾಸ್ತ್ರಜ್ಞರು ಇವರ ಬೆನ್ನು ಹತ್ತಿದರು. ಒಬ್ಬರು ಸೋಲ್ ನಗರದ ಯೊನ್‌ಸೆ ವಿಶ್ವವಿದ್ಯಾಲಯದ ಸುಕ್ ಕಿ ಹಾಂಗ್, ಇನ್ನೊಬ್ಬರು ಅಮೆರಿಕದ ಬಫಲೊದಲ್ಲಿದ್ದ ಹರ್ಮನ್ ರಾನ್. ಬುಸಾನ್ ಬಂದರಿನ ಯೊಂಗ್‌ದೊ ದ್ವೀಪದ ಮುಳುಗುಗಾರ್ತಿಯರ ಮೈಯ ಒಳಗಿನ ಬಿಸಿ, ರಕ್ತದ ಒತ್ತಡ, ಹೃದಯದ ಬಡಿತ, ತಿನ್ನುವ ಊಟ ಎಲ್ಲವನ್ನೂ ಅವರ ತಂಡ ಅಳೆಯಿತು. ಮುಳುಗುಗಾರ್ತಿ ತಳದಲ್ಲಿದ್ದಾಗ ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು, ಅದರಲ್ಲಿ ಯಾವ ಅನಿಲ ಎಷ್ಟಿದೆ ಎಂದು ನೋಡಿತು. 1967ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರಲ್ಲಿರುವ ಒಂದು ಲೆಕ್ಕ ನನಗೆ ತುಂಬ ಇಷ್ಟ. ಒಬ್ಬಳೇ ಈಜಿ ಹೋಗಿ ಐದಾರು ಮೀಟರ್ ಮುಳುಗುವವಳು ಗಂಟೆಗೆ 60 ಸಲ, ಪ್ರತಿ ಸಲ 15 ಸೆಕೆಂಡು ತಳದಲ್ಲಿರುತ್ತಾಳೆ. ಜಪಾನಿನಲ್ಲಿ ಇನ್ನೊಂದು ಬಗೆಯವರಿದ್ದಾರೆ. ಇವರು ತೂಕದ ಗುಂಡು ಹಿಡಿದು ಸರ್ರನೆ 20 ಮೀಟರ್‌ವರೆಗೆ ಇಳಿಯುತ್ತಾರೆ, ಮೇಲೆ ದೋಣಿಯಲ್ಲಿರುವವನು, ಸಾಮಾನ್ಯವಾಗಿ ಗಂಡನೇ, ಹಗ್ಗ ಜಗ್ಗಿ ಎತ್ತುತ್ತಾನೆ. ಇವರ ಒಂದು ಮುಳುಗು ಒಂದು ನಿಮಿಷದ್ದು, ತಳದಲ್ಲಿ 30 ಸೆಕೆಂಡು, ಮೇಲೆ ಒಂದು ನಿಮಿಷ ವಿಶ್ರಾಂತಿ, ಗಂಟೆಗೆ 30 ಸಲ. ಗುಣಿಸಿ ನೋಡಿ: ಎರಡರಲ್ಲೂ ಗಂಟೆಗೆ ತಳದಲ್ಲಿ ಕಳೆಯುವುದು 15 ನಿಮಿಷ! ಎರಡೂ ಕಡೆ ನೀರೊಳಗೆ ಇದ್ದಷ್ಟೇ ಹೊತ್ತು ನೀರ ಮೇಲೆ ವಿಶ್ರಾಂತಿ. ಕೈಗಡಿಯಾರ ಕಟ್ಟದ ಹೆಂಗಸರು ತಲೆಮಾರುಗಳ ಅನುಭವದಲ್ಲಿ ತಲುಪಿದ ಲೆಕ್ಕ ಇದು.

ಈ ಲೆಕ್ಕ ಯಾಕೆ ಸರಿ ಎಂದು ತಿಳಿಯಲು ಉಸಿರು ಕಟ್ಟುವ ಸಂಕಟ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಆಮ್ಲಜನಕ ಕಡಿಮೆಯಾಯಿತು, ಅದಕ್ಕೇ ಒದ್ದಾಟ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ದೇಹ ಮುಖ್ಯವಾಗಿ ಗಮನಿಸುವುದು ರಕ್ತದಲ್ಲಿ ಏರುತ್ತಿರುವ ಕಾರ್ಬನ್ ಡೈಆಕ್ಸೈಡನ್ನು. ಅದು ಒಂದು ಮಟ್ಟ ದಾಟಿದಾಗ ಎದೆ, ಹೊಟ್ಟೆಯ ನಡುವಿನ ವಪೆ ತಾನಾಗಿ ಅದುರತೊಡಗುತ್ತದೆ, ಉಸಿರಾಡು ಎಂದು ಮಿದುಳು ಒತ್ತಾಯಿಸುತ್ತದೆ. ಆಮ್ಲಜನಕ ಎಷ್ಟು ಉಳಿದಿದೆ ಎಂಬ ಬಗ್ಗೆ ದೇಹದ ಎಚ್ಚರಿಕೆ ದುರ್ಬಲ, ಅದೂ ತಡವಾಗಿ ಬರುವಂಥದ್ದು. ಮುಳುಗುವ ಮುನ್ನ ಯಾರಾದರೂ ನಿಮಿಷಗಟ್ಟಲೆ ಬುಸುಬುಸು ಉಸಿರಾಡಿದರೆ ಹೆಚ್ಚಿನ ಆಮ್ಲಜನಕವೇನೂ ಒಳಗೆ ಸೇರುವುದಿಲ್ಲ, ರಕ್ತ ಮೊದಲೇ ತುಂಬಿರುತ್ತದೆ. ಹೊರಗೆ ಹೋಗುವುದು ಕಾರ್ಬನ್ ಡೈಆಕ್ಸೈಡ್. ಎಚ್ಚರಿಕೆ ಗಂಟೆಯನ್ನೇ ಹೀಗೆ ದೂರ ತಳ್ಳಿಟ್ಟವನು ನೀರೊಳಗೆ ಆರಾಮವಾಗಿಯೇ ಇರುತ್ತಾನೆ, ಪ್ರಜ್ಞೆ ತಪ್ಪುವವರೆಗೆ. ಈಜುಕೊಳಗಳಲ್ಲಿ ಪಂಥ ಕಟ್ಟಿ ಉಸಿರು ಹಿಡಿಯುವ ಹುಡುಗರು ಸಾಯುವುದು ಹೀಗೆಯೇ. ಹೆನ್ಯೊ ಹತ್ತು ಸೆಕೆಂಡಿಗೇ ನಿಲ್ಲಿಸುತ್ತಾಳಲ್ಲ, ಅದರಲ್ಲಿ ಜೀವ ಉಳಿಸುವ ಹದವಿದೆ.

ಆಳ ಇದಕ್ಕೆ ಇನ್ನೊಂದು ಮೋಸವನ್ನು ಸೇರಿಸುತ್ತದೆ. ಪ್ರತಿ ಹತ್ತು ಮೀಟರ್‌ಗೆ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. 10 ಮೀಟರ್‌ನಲ್ಲಿ ಒಟ್ಟು ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು. ಶ್ವಾಸಕೋಶದೊಳಗಿನ ಗಾಳಿ ಹಿಸುಕಿಹೋಗುತ್ತದೆ, ಅದರೊಳಗಿನ ಅನಿಲಗಳ ಒತ್ತಡ ಏರುತ್ತದೆ. ಆದ್ದರಿಂದ ಆಳದಲ್ಲಿ ಆಮ್ಲಜನಕ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಹಾಂಗ್ ಮತ್ತು ರಾನ್ ಇನ್ನೊಂದು ವಿಚಿತ್ರವನ್ನೂ ಕಂಡರು: ಸದಾ ರಕ್ತದಿಂದ ಶ್ವಾಸಕೋಶಕ್ಕೆ ಹರಿಯಬೇಕಾದ ಕಾರ್ಬನ್ ಡೈಆಕ್ಸೈಡ್ ಆಳದಲ್ಲಿ ಹಿಮ್ಮುಖವಾಗಿ ಶ್ವಾಸಕೋಶದಿಂದ ರಕ್ತಕ್ಕೆ ಹೋಗುತ್ತಿತ್ತು.

ಅಪಾಯ ಇರುವುದು ಮೇಲೆ ಬರುವಾಗ. 20 ಮೀಟರ್ ಆಳದಲ್ಲಿ ಶ್ವಾಸಕೋಶದ ಗಾಳಿಯಲ್ಲಿ ಆಮ್ಲಜನಕ ಶೇ. 6ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಮೂರು ಪಟ್ಟು ಒತ್ತಡದಲ್ಲಿ ಅದರ ಪಾಲು 0.18 ವಾಯುಮಂಡಲ, ದೇಹಕ್ಕೆ ಯಾವ ಕೊರತೆಯೂ ಕಾಣುವುದಿಲ್ಲ. ಅದೇ ಗಾಳಿಯನ್ನು ಹಿಡಿದುಕೊಂಡು ಮೇಲೇರಿದರೆ ಒತ್ತಡ ಕುಸಿಯುತ್ತ ಹೋಗಿ ನೀರ ಮೇಲ್ಮೈ ಹತ್ತಿರ ಅದು ಬರೀ 0.06. ಅಲ್ಲಿಂದ ಇನ್ನೊಂದಿಷ್ಟು ಇಳಿದರೂ ಮನುಷ್ಯನಿಗೆ ಎಚ್ಚರ ತಪ್ಪಬಹುದು. ತಳದಲ್ಲಿ 'ಇನ್ನೂ ಸ್ವಲ್ಪ ಇರಬಲ್ಲೆ' ಎಂದು ಅನ್ನಿಸುವುದೇ ಸಾವಿಗೆ ದಾರಿ. ಕೊನೆಯ ಎರಡು ಮೂರು ಮೀಟರ್‌ನಲ್ಲಿ, ಬೆಳಕು ಕಣ್ಣಿಗೆ ಬಿದ್ದ ಮೇಲೆ, ಪ್ರಜ್ಞೆ ಹೋಗುತ್ತದೆ.

ಹೆನ್ಯೊಗಳಿಗೆ ಈ ಸಮೀಕರಣ ಯಾರೂ ಕಲಿಸಿರಲಿಲ್ಲ. ಆದರೆ ನೀರೊಳಗೆ ಎಳೆದುಕೊಳ್ಳುವ ಕೊನೆಯ ಉಸಿರಿಗೆ ಅವರಲ್ಲಿ ಬೇರೆಯೇ ಹೆಸರಿದೆ, ಮುಲ್‌ಸುಮ್. ದೊಡ್ಡ ಅಬಲೋನ್ ಕಣ್ಣಿಗೆ ಬಿದ್ದು ಉಸಿರು ಮುಗಿಯುತ್ತ ಬಂದಿದ್ದರೆ ಬಿಟ್ಟು ಬಾ, ಮತ್ತೆ ಹೋಗಬಹುದು ಎಂದು ಹಿರಿಯರು ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ. ಮೀಟುಗೋಲಿನ ದಾರ ಮಣಿಕಟ್ಟಿಗೆ ಸುತ್ತಿರುತ್ತದೆ. ಅಬಲೋನ್ ಗೋಲನ್ನು ಕಚ್ಚಿ ಹಿಡಿದು, ದಾರ ಬಿಡಿಸಿಕೊಳ್ಳಲಾಗದೆ ತಳದಲ್ಲೇ ಉಳಿದವರಿದ್ದಾರೆ. ಹೆನ್ಯೊಗಳಲ್ಲಿ ಮೂರು ದರ್ಜೆ: ಹಾಗುನ್, ಜುಂಗ್‌ಗುನ್, ಸಾಂಗ್‌ಗುನ್. ಸಾಂಗ್‌ಗುನ್ ಎನ್ನಿಸಿಕೊಳ್ಳಲು ಆಳಕ್ಕೆ ಹೋಗುವ ಶಕ್ತಿ ಬೇಕು, ಅದರ ಜೊತೆಗೆ ಗಾಳಿ, ಸೆಳವು, ಬಂಡೆಗಳ ನಕ್ಷೆ, ಯಾರ ಉಸಿರು ಎಷ್ಟು ಎಂಬುದೆಲ್ಲ ಗೊತ್ತಿರಬೇಕು. ದಡದಲ್ಲಿ ಕಲ್ಲು ಪೇರಿಸಿ ಕಟ್ಟಿದ ದುಂಡನೆಯ ಬುಲ್‌ತೋಕ್ ಒಳಗೆ ಬೆಂಕಿ ಕಾಯಿಸುತ್ತ ಕೂತು ಹಿರಿಯರು ದಾಟಿಸುತ್ತಿದ್ದುದು ಈ ತಿಳಿವಳಿಕೆಯನ್ನೇ.

ಇದನ್ನು ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ಪೆಸಿಫಿಕ್ ಸಾಗರದ ತುವಾಮೊಟು ದ್ವೀಪಗಳಲ್ಲಿ ಸಾಕ್ಷಿ ಇದೆ. ಅಲ್ಲಿಯ ಮುತ್ತಿನ ಚಿಪ್ಪಿನ ಮುಳುಗುಗಾರರು 30 ಮೀಟರ್‌ಗೂ ಹೆಚ್ಚು ಆಳಕ್ಕೆ, ನಡುನಡುವೆ ತೀರ ಕಡಿಮೆ ಬಿಡುವು ಕೊಟ್ಟು, ದಿನವಿಡೀ ಮುಳುಗುತ್ತಿದ್ದರು. ಅವರಲ್ಲಿ ಕೆಲವರಿಗೆ ತಲೆಸುತ್ತು, ಲಕ್ವ, ಬುದ್ಧಿಭ್ರಮಣೆ; ಕೆಲವರಿಗೆ ಸಾವು. ಈ ರೋಗಕ್ಕೆ ಅವರು ತಾರಾವಾನಾ ಎನ್ನುತ್ತಾರೆ. ಪ್ರತಿ ಮುಳುಗಿನಲ್ಲೂ ಸ್ವಲ್ಪ ಸ್ವಲ್ಪ ಸಾರಜನಕ ರಕ್ತ, ಮಾಂಸಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ಹೊರಹೋಗಲು ಸಮಯ ಸಿಗದಿದ್ದರೆ ಗುಳ್ಳೆಯಾಗುತ್ತದೆ. ಅದೇ ಸೀಮೆಯ ಮಂಗರೇವಾದಲ್ಲಿ ಮುಳುಗುಗಳ ನಡುವೆ ಹತ್ತು ನಿಮಿಷಕ್ಕೂ ಹೆಚ್ಚು ವಿರಾಮ ಕೊಡುತ್ತಿದ್ದರು, ಅಲ್ಲಿ ಈ ಕಾಯಿಲೆಯೇ ಇರಲಿಲ್ಲ.

ಇನ್ನು ಚಳಿ. 1970ರ ದಶಕದವರೆಗೆ ಹೆನ್ಯೊಗಳ ಉಡುಪು ಮುಲ್‌ಸೋಜುಂಗಿ ಎಂಬ ಹತ್ತಿಯ ತುಂಡುಡುಗೆ. ಜನವರಿಯಲ್ಲಿ ಆ ಕಡಲಿನ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್. ಅದರಲ್ಲಿ ಅವರು ಮುಳುಗುತ್ತಿದ್ದರು, ಬಸುರಿಯರೂ ಮುಳುಗುತ್ತಿದ್ದರು, ಹೆರಿಗೆಯ ದಿನ ಹತ್ತಿರ ಬರುವವರೆಗೂ. ಮೈಯೊಳಗಿನ ಬಿಸಿ 37ರಿಂದ 35 ಡಿಗ್ರಿಗೆ ಇಳಿದಾಗ ದಡಕ್ಕೆ ಬಂದು ಬೆಂಕಿಯ ಮುಂದೆ ಕೂರುತ್ತಿದ್ದರು. ಬೇಸಿಗೆ, ಚಳಿಗಾಲ ಎರಡರಲ್ಲೂ ಕೆಲಸ ನಿಲ್ಲಿಸುವ ಗಡಿ ಹೆಚ್ಚುಕಡಿಮೆ ಈ 35 ಡಿಗ್ರಿಯೇ. ಬೇಸಿಗೆಯಲ್ಲಿ ಆ ಗಡಿ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು, ಚಳಿಗಾಲದಲ್ಲಿ ಬೇಗನೆ ಬಂದುಬಿಡುತ್ತಿತ್ತು.

ಹೆಂಗಸರೇ ಯಾಕೆ ಮುಳುಗುತ್ತಾರೆ ಎಂದರೆ ಚರ್ಮದಡಿಯ ಕೊಬ್ಬು ಅವರಲ್ಲಿ ಹೆಚ್ಚು, ಚಳಿ ತಡೆಯುತ್ತಾರೆ ಎಂಬ ಉತ್ತರ ಬಹುಕಾಲ ಓಡಾಡುತ್ತಿತ್ತು. ಅಳೆದು ನೋಡಿದಾಗ ವಿಷಯ ಅಷ್ಟು ಸರಳವಾಗಿರಲಿಲ್ಲ. ಅಷ್ಟೇ ದಪ್ಪದ ಕೊಬ್ಬಿನ ಪದರವಿರುವ, ಆದರೆ ಮುಳುಗದ ಹೆಂಗಸರಿಗಿಂತ ಹೆನ್ಯೊಗಳ ಮೈ ಬಿಸಿಯನ್ನು ಹೆಚ್ಚು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು. ಬೇರೆಯವರು ನಡುಗಲು ತೊಡಗುವ ತಣ್ಣೀರಿನಲ್ಲೂ ಇವರು ನಡುಗುತ್ತಿರಲಿಲ್ಲ. ಚಳಿಗಾಲದಲ್ಲಿ ಸುಮ್ಮನೆ ಮಲಗಿದ್ದಾಗಲೂ ದೇಹ ಉರಿಸುವ ಶಕ್ತಿ, ಅಂದರೆ ಮೂಲ ಚಯಾಪಚಯದ ದರ, ಸುಮಾರು ಶೇ. 30ರಷ್ಟು ಏರಿರುತ್ತಿತ್ತು. ನೀರಿಗಿಳಿಯದ ನೆರೆಮನೆಯವಳು ದಿನಕ್ಕೆ 2,000 ಕಿಲೊಕ್ಯಾಲೊರಿಯಷ್ಟು ಉಂಡರೆ ಹೆನ್ಯೊ 3,000 ಉಣ್ಣುತ್ತಿದ್ದಳು. ಅಷ್ಟು ಉಂಡೂ ಮೈ ತುಂಬಿಕೊಳ್ಳುತ್ತಿರಲಿಲ್ಲ, ಹೆಚ್ಚಿನದೆಲ್ಲ ಕಡಲಿನ ಪಾಲು.

ಆಮೇಲೆ ನಡೆದದ್ದು ಯಾವ ಪ್ರಯೋಗಾಲಯವೂ ಯೋಜಿಸಲಾಗದಂಥ ಪ್ರಯೋಗ. 1970ರ ದಶಕದಲ್ಲಿ ರಬ್ಬರ್ ಉಡುಪು ಬಂತು. ಮೈ ಬೆಚ್ಚಗಾಯಿತು, ಕೆಲಸದ ಹೊತ್ತು ಗಂಟೆಗಳಿಗೆ ಹಿಗ್ಗಿತು. ಕೊರಿಯಾದ ಸಂಶೋಧಕರು ಮತ್ತೆ ಅಳೆಯಲು ಹೋದಾಗ ಚಳಿಗಾಲದ ಆ ಹೆಚ್ಚಿನ ಉರಿ ಕಾಣಲಿಲ್ಲ, ನಡುಗದೆ ತಡೆಯುವ ಗುಣವೂ ಇಳಿಯುತ್ತ ಬಂದಿತ್ತು. 1980ರ ದಶಕದ ಆರಂಭದ ಹೊತ್ತಿಗೆ, ಕೆಲವೇ ವರ್ಷಗಳಲ್ಲಿ, ಹೆನ್ಯೊಗಳ ದೇಹ ಊರಿನ ಉಳಿದ ಹೆಂಗಸರ ದೇಹದಂತೆಯೇ ಆಗಿತ್ತು. ಆ ಸಹನೆ ಹುಟ್ಟಿನಿಂದ ಬಂದ ವರವಾಗಿರಲಿಲ್ಲ, ದಿನದಿನವೂ ತಣ್ಣೀರಿಗೆ ಇಳಿದು ಸಂಪಾದಿಸಿದ್ದು ಎಂಬುದು ಇದರಿಂದ ಖಚಿತವಾಯಿತು. ಮನುಷ್ಯ ದೇಹ ಚಳಿಗೆ ಎಷ್ಟರ ಮಟ್ಟಿಗೆ ಒಗ್ಗಬಲ್ಲದು ಎಂಬ ಬಗ್ಗೆ ಇಷ್ಟು ಸ್ಪಷ್ಟವಾದ ದಾಖಲೆ ವಿರಳ.

ಉಡುಪು ಒಪ್ಪಿಕೊಂಡ ಹೆನ್ಯೊಗಳು ಗಾಳಿಯ ಸಿಲಿಂಡರನ್ನು ಒಪ್ಪಿಕೊಳ್ಳಲಿಲ್ಲ. ಸಿಲಿಂಡರ್ ಕಟ್ಟಿಕೊಂಡ ನಾಲ್ಕು ಜನ ಇಡೀ ಊರಿನ ಬಂಡೆಗಳನ್ನು ಬರಿದು ಮಾಡಬಲ್ಲರು ಎಂದು ಅವರಿಗೆ ಗೊತ್ತು. ಒಂದು ಉಸಿರಿನಲ್ಲಿ ಎಷ್ಟು ಸಿಗುತ್ತದೋ ಅಷ್ಟು. ಚಿಪ್ಪು ಇಷ್ಟು ದೊಡ್ಡದಾಗದೆ ಕೀಳುವಂತಿಲ್ಲ, ಮೊಟ್ಟೆಯಿಡುವ ಕಾಲದಲ್ಲಿ ಮುಟ್ಟುವಂತಿಲ್ಲ ಎಂಬ ನಿಯಮಗಳನ್ನು ಊರಿನ ಮೀನುಗಾರರ ಸಂಘ ನೋಡಿಕೊಳ್ಳುತ್ತದೆ. ಸಂಘಟನೆ ಇವರಿಗೆ ಹೊಸದೂ ಅಲ್ಲ: ಜಪಾನಿನ ಆಳ್ವಿಕೆಯಲ್ಲಿ ತಮ್ಮ ಸರಕಿಗೆ ಕವಡೆ ಕಾಸು ಕೊಡುತ್ತಿದ್ದ ಸಂಘದ ವಿರುದ್ಧ 1932ರ ಜನವರಿಯಲ್ಲಿ ಹಾಡೊ, ಸೆಹ್ವಾ ಹಳ್ಳಿಗಳ ಹೆನ್ಯೊಗಳು ಕೆಲಸದ ಉಡುಪಿನಲ್ಲೇ, ಕೈಯಲ್ಲಿ ಮೀಟುಗೋಲು ಹಿಡಿದು ಬೀದಿಗಿಳಿದಿದ್ದರು.

ಹೃದಯದ ಕಥೆ ಇನ್ನೂ ಸ್ವಾರಸ್ಯದ್ದು. ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿಟ್ಟರೆ ಯಾರ ಹೃದಯವಾದರೂ ನಿಧಾನವಾಗುತ್ತದೆ. ಕೆನ್ನೆ, ಹಣೆಯ ನರಗಳು ಸುದ್ದಿ ಮುಟ್ಟಿಸುತ್ತವೆ, ಮಿದುಳಿನ ಬುಡದಿಂದ ಹೊರಡುವ ವೇಗಸ್ ನರ ಹೃದಯಕ್ಕೆ ಕಡಿವಾಣ ಹಾಕುತ್ತದೆ, ಕೈಕಾಲಿನ ರಕ್ತನಾಳಗಳು ಕಿರಿದಾಗಿ ರಕ್ತ ಹೃದಯ, ಮಿದುಳುಗಳ ಕಡೆಗೆ ಹರಿಯುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಇದು ಬಹಳ ಪ್ರಬಲ, ನಮ್ಮಲ್ಲಿ ಸೌಮ್ಯ, ಆದರೆ ಇದ್ದೇ ಇದೆ. ಮುಳುಗುವಾಗ ಹೆನ್ಯೊಗಳ ಬಡಿತ ನಿಮಿಷಕ್ಕೆ 100ರ ಆಸುಪಾಸಿನಿಂದ 60ರ ಆಸುಪಾಸಿಗೆ ಇಳಿಯುವುದನ್ನು 1960ರ ದಶಕದಲ್ಲೇ ದಾಖಲಿಸಿದ್ದರು.

ಎಡಪಕ್ಕೆಯ ಕೆಳಗೆ ಅಡಗಿರುವ ಗುಲ್ಮಕ್ಕೂ ಇಲ್ಲಿ ಕೆಲಸವಿದೆ. ಮನೆಯ ಹಿರಿಯಳು ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟ ದುಡ್ಡಿನಂತೆ ಗುಲ್ಮ ಒಂದಿಷ್ಟು ಕೆಂಪು ರಕ್ತಕಣಗಳನ್ನು ಕಷ್ಟಕಾಲಕ್ಕೆಂದು ಕೂಡಿಟ್ಟಿರುತ್ತದೆ. ಉಸಿರು ಕಟ್ಟಿದಾಗ ಅದು ಹಿಂಡಿಕೊಂಡು ಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಮನುಷ್ಯರಲ್ಲಿ ಇದು ನಿಜಕ್ಕೂ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಕೊರಿಯಾದ ಈ ಹೆಂಗಸರೇ. 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗ, ಮೇಲಿಂದ ಮೇಲೆ ಮುಳುಗಿದ ಹೆನ್ಯೊಗಳ ಗುಲ್ಮ ಹೆಚ್ಚುಕಡಿಮೆ ಐದನೇ ಒಂದು ಭಾಗ ಕುಗ್ಗಿತ್ತು, ರಕ್ತದ ಹಿಮೊಗ್ಲೊಬಿನ್ ಹತ್ತನೇ ಒಂದು ಭಾಗದಷ್ಟು ಏರಿತ್ತು. ಮುಳುಗದವರಲ್ಲಿ ಆ ಬದಲಾವಣೆ ಕಾಣಲಿಲ್ಲ.

2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೆಲಿಸ್ಸಾ ಇಲಾರ್ಡೊ ಮತ್ತು ಸಂಗಡಿಗರು ಈ ಕಥೆಗೆ ವಂಶವಾಹಿಯ ಅಧ್ಯಾಯ ಸೇರಿಸಿದರು. ಹೆನ್ಯೊಗಳಂತೆಯೇ ಉಸಿರು ಹಿಡಿದು ಮುಳುಗುವ ಇಂಡೊನೇಷ್ಯಾದ ಬಜಾವ್ ಜನರ ಗುಲ್ಮ ನೆರೆಯವರದಕ್ಕಿಂತ ಅರ್ಧದಷ್ಟು ದೊಡ್ಡದಿದೆ ಎಂದು 2018ರಲ್ಲಿ ತೋರಿಸಿದ್ದವರೂ ಇವರೇ. ಈಗ ಅವರು 30 ಹೆನ್ಯೊಗಳನ್ನು, ಜೆಜುವಿನಲ್ಲೇ ಇದ್ದು ಮುಳುಗದ 30 ಹೆಂಗಸರನ್ನು, ಕೊರಿಯಾದ ಮುಖ್ಯಭೂಮಿಯ 31 ಹೆಂಗಸರನ್ನು ಹೋಲಿಸಿದರು. ಹೆನ್ಯೊಗಳ ಸರಾಸರಿ ವಯಸ್ಸು ಅರವತ್ತೈದರ ಹತ್ತಿರ. ಅವರ ವಯಸ್ಸು ನೋಡಿ, ಕಡಲಿಗೆ ಇಳಿಸದೆ, ತಣ್ಣೀರ ಬೋಗುಣಿಯಲ್ಲಿ ಮುಖವಿಟ್ಟು ಉಸಿರು ಹಿಡಿಯಲು ಹೇಳಿದರು. ಹೆನ್ಯೊಗಳ ಹೃದಯ ಬಡಿತ ನಿಮಿಷಕ್ಕೆ ಸುಮಾರು 19ರಷ್ಟು ಇಳಿಯಿತು, ಮುಳುಗದವರದು ಸುಮಾರು 13. ಒಬ್ಬ ಹೆನ್ಯೊಳ ಬಡಿತವಂತೂ ಹದಿನೈದು ಸೆಕೆಂಡಿನೊಳಗೆ 40ಕ್ಕೂ ಹೆಚ್ಚು ಕುಸಿಯಿತು. ಜೆಜುವಿನ ಮುಳುಗದ ಹೆಂಗಸರಲ್ಲಿ ಇಷ್ಟು ಇಳಿತ ಇರಲಿಲ್ಲವಾದ್ದರಿಂದ ಇದು ಜೀವಮಾನದ ಅಭ್ಯಾಸದ ಫಲ.

ರಕ್ತದೊತ್ತಡದಲ್ಲಿ ಮಾತ್ರ ಬೇರೆ ಚಿತ್ರ. ಉಸಿರು ಹಿಡಿದಾಗ ಒತ್ತಡ ಏರುವುದು ಸಹಜ. ಅದು ಕಡಿಮೆ ಏರುವಂತೆ ನೋಡಿಕೊಳ್ಳುವ ವಂಶವಾಹಿಯ ಒಂದು ರೂಪ ಜೆಜುವಿನ ಹೆಂಗಸರಲ್ಲಿ, ಮುಳುಗುವವರು, ಮುಳುಗದವರು ಇಬ್ಬರಲ್ಲೂ, ಮುಖ್ಯಭೂಮಿಯವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಮಾನ್ಯವಾಗಿ ಕಂಡಿತು. ಅದು ಅಲ್ಲಿ ಹರಡಲು ಕಾರಣವೇನಿರಬಹುದು? ಸಂಶೋಧಕರ ಊಹೆ ಬಸುರಿನ ಕಡೆ ಬೆರಳು ತೋರಿಸುತ್ತದೆ. ಬಸುರಿನಲ್ಲಿ ರಕ್ತದೊತ್ತಡ ಏರಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಬಸುರಿಯರೇ ದಿನವಿಡೀ ಉಸಿರು ಕಟ್ಟಿ ಮುಳುಗುವ ಊರಿನಲ್ಲಿ ಒತ್ತಡ ತಗ್ಗಿಸುವ ವಂಶವಾಹಿ ಇದ್ದ ತಾಯಂದಿರ ಮಕ್ಕಳು ಹೆಚ್ಚು ಉಳಿದಿರಬಹುದು. ಇದು ಊಹೆಯೇ, ಸಾಬೀತಾಗಿಲ್ಲ. ಆದರೂ ಒಂದು ದ್ವೀಪದ ಜನರ ರಕ್ತದಲ್ಲಿ, ದಡದಲ್ಲೇ ಉಳಿದವರ ರಕ್ತದಲ್ಲೂ, ಅಜ್ಜಿಯರ ಕಸುಬಿನ ಗುರುತು ಉಳಿದಿರಬಹುದು ಎನ್ನುವುದು ನನ್ನನ್ನು ಬಿಟ್ಟೂಬಿಡದೆ ಕಾಡುವ ವಿಚಾರ.

ಈಗ ಭೂಮಿಯ ಇನ್ನೊಂದು ಬದಿಗೆ ಬರೋಣ. ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ದ್ವೀಪ, ಗ್ರೇಟ್ ಲೇಮ್‌ಶರ್ ಕೊಲ್ಲಿ. 1969ರಲ್ಲಿ ಅಮೆರಿಕ ಅಲ್ಲಿ ಸುಮಾರು 15 ಮೀಟರ್ ಆಳದಲ್ಲಿ ಟೆಕ್ಟೈಟ್ ಎಂಬ ಮನೆಯನ್ನು ನಿಲ್ಲಿಸಿತು. ನಾಲ್ವರು ಗಂಡಸರು ಸುಮಾರು ಎರಡು ತಿಂಗಳು ಅದರೊಳಗೆ ವಾಸವಿದ್ದು, ದಿನವೂ ಹೊರಗೆ ಈಜಿ ಹೋಗಿ ಕಡಲ ಜೀವಿಗಳನ್ನು ಅಭ್ಯಾಸ ಮಾಡಿದರು. ಇದರ ಹಿಂದಿನ ತತ್ವ ಹೀಗೆ: ಒಂದೇ ಆಳದಲ್ಲಿ ದಿನಗಟ್ಟಲೆ ಇದ್ದರೆ ಮೈಗೆ ಹಿಡಿಸುವಷ್ಟು ಸಾರಜನಕ ಕರಗಿ ಮುಗಿದಿರುತ್ತದೆ, ಆಮೇಲೆ ಎಷ್ಟು ದಿನ ಇದ್ದರೂ ಹೆಚ್ಚಾಗುವುದಿಲ್ಲ. ಮೇಲೆ ಬರುವಾಗ ಒಂದೇ ಸಲ, ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಂಡು, ನಿಧಾನವಾಗಿ ಒತ್ತಡ ಇಳಿಸಿಕೊಂಡರೆ ಸಾಕು. ಮುಂದಿನ ವರ್ಷ ಟೆಕ್ಟೈಟ್ ಎರಡನೇ ಸುತ್ತಿಗೆ ವಿಜ್ಞಾನಿಗಳಿಂದ ಅರ್ಜಿ ಕರೆದಾಗ ಸಿಲ್ವಿಯಾ ಅರ್ಲ್ ಅರ್ಜಿ ಹಾಕಿದರು. 1935ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ, ಕಡಲ ಪಾಚಿಗಳ ತಜ್ಞೆ. ಸಾವಿರ ಗಂಟೆಗೂ ಹೆಚ್ಚು ನೀರೊಳಗೆ ಕಳೆದಿದ್ದವರು. ಯೋಜನೆ ನಡೆಸುವವರು ತಡಬಡಾಯಿಸಿದರು. ಗಂಡಸರ ಜೊತೆ ಹೆಂಗಸರು ನೀರಡಿಯ ಮನೆಯಲ್ಲಿ ಇರುವುದೆಂದರೇನು!

ಕೊನೆಗೆ ಸಿಕ್ಕ ದಾರಿ ಹೆಂಗಸರದೇ ಪ್ರತ್ಯೇಕ ತಂಡ. 1970ರ ಜುಲೈಯಲ್ಲಿ ಅರ್ಲ್ ಮುಂದಾಳುತನದಲ್ಲಿ ರೆನಾಟೆ ಟ್ರೂ, ಆನ್ ಹಾರ್ಟ್‌ಲೈನ್, ಅಲಿನಾ ಸ್ಮಾಂಟ್ ಮತ್ತು ಎಂಜಿನಿಯರ್ ಪೆಗ್ಗಿ ಲ್ಯೂಕಸ್ ಎರಡು ವಾರ ಅಲ್ಲಿ ವಾಸವಿದ್ದರು. ಕ್ಯಾಮೆರಾಗಳು ಒಳಗಿನ ಅವರ ನಡೆನುಡಿಯನ್ನು ಹಗಲಿರುಳು ಗಮನಿಸುತ್ತಿದ್ದವು. ಬಾಹ್ಯಾಕಾಶ ಯಾತ್ರೆಗೆ ಇಕ್ಕಟ್ಟಿನಲ್ಲಿ ಬಾಳುವವರ ಮನಸ್ಸಿನ ಬಗ್ಗೆ ನಾಸಾಗೆ ಮಾಹಿತಿ ಬೇಕಿತ್ತು. ಹವಳದ ದಿಬ್ಬದ ಮೀನುಗಳು ಯಾವ ಪಾಚಿಯನ್ನು ಮೇಯುತ್ತವೆ, ಯಾವುದನ್ನು ಬಿಡುತ್ತವೆ ಎಂದು ಅರ್ಲ್ ಗುರುತು ಹಾಕಿಕೊಂಡರು. ಗಡಿಯಾರ ನೋಡಿ ಮೇಲೆ ಓಡುವ ಗಡಿಬಿಡಿ ಇಲ್ಲದ್ದರಿಂದ ಒಂದೇ ಮೀನಿನ ಹಗಲನ್ನೂ ರಾತ್ರಿಯನ್ನೂ ನೋಡುವ ಅವಕಾಶ ಅದು. ಅವರು ಹೊರಬಂದಾಗ ಶಿಕಾಗೊದಲ್ಲಿ ಮೆರವಣಿಗೆ ನಡೆಯಿತು. ಅದರ ಜೊತೆಗೆ ಕೆಳಗೆ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದಿರಾ, ಕೂದಲು ಒಣಗಿಸುವ ಯಂತ್ರ ಇತ್ತೇ ಎಂಬ ಪ್ರಶ್ನೆಗಳೂ ಬಂದವು.

ನನಗೆ ಸಿಟ್ಟು ಬರುವುದು ಇಲ್ಲಿ. 1967ರ ಲೇಖನ ಅಮೆರಿಕದಲ್ಲೇ ಅಚ್ಚಾಗಿತ್ತು, ಲಕ್ಷಾಂತರ ಜನ ಓದುವ ಪತ್ರಿಕೆಯಲ್ಲಿ. ಹತ್ತು ಡಿಗ್ರಿಯ ನೀರಿನಲ್ಲಿ, ಹತ್ತಿಬಟ್ಟೆಯಲ್ಲಿ, ಬಸುರು ಹೊತ್ತು, ಹದಿಹರೆಯದಿಂದ ಮುಪ್ಪಿನವರೆಗೆ ಕೆಲಸ ಮಾಡಿದ ಹೆಂಗಸರ ದೇಹದ ದಾಖಲೆ ವಿಜ್ಞಾನಿಗಳ ಕೈಯಲ್ಲಿತ್ತು. ಅದಾಗಿ ಮೂರು ವರ್ಷದ ಮೇಲೆ, ಬೆಚ್ಚನೆಯ ಕೆರಿಬಿಯನ್ ನೀರಿನಲ್ಲಿ, ಹಾಸಿಗೆ, ಅಡುಗೆಮನೆ ಇರುವ ಲೋಹದ ಮನೆಯೊಳಗೆ ಹೆಂಗಸರು ಎರಡು ವಾರ ತಡೆಯಬಲ್ಲರೇ ಎಂದು ಪರೀಕ್ಷಿಸಿ ನೋಡಬೇಕಾಯಿತು. ಕೂಲಿಯ ಹೆಣ್ಣನ್ನು ಅಳತೆಗೆ ಒಪ್ಪಿಕೊಂಡ ವಿಜ್ಞಾನಕ್ಕೆ ಅಳೆಯುವ ಹೆಣ್ಣನ್ನು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು.

ಅರ್ಲ್ ಅಲ್ಲಿಗೆ ನಿಲ್ಲಲಿಲ್ಲ. 1979ರಲ್ಲಿ ಹವಾಯಿಯ ಓವಾಹು ದ್ವೀಪದಾಚೆ, ಜಿಮ್ ಎಂಬ ಲೋಹದ ಉಡುಪಿನೊಳಗೆ ನಿಂತು, ಚಿಕ್ಕ ಜಲಾಂತರ್ಗಾಮಿಯೊಂದರ ಮೂತಿಗೆ ಕಟ್ಟಿಸಿಕೊಂಡು 381 ಮೀಟರ್ ಆಳಕ್ಕೆ ಇಳಿದರು. ಅಲ್ಲಿ ಕಟ್ಟು ಬಿಚ್ಚಿಸಿಕೊಂಡು ಸುಮಾರು ಎರಡೂವರೆ ಗಂಟೆ ತಳದಲ್ಲಿ ನಡೆದಾಡಿದರು. ಉಡುಪಿನ ಹೊರಗೆ 39 ವಾಯುಮಂಡಲದಷ್ಟು ಒತ್ತಡ, ಒಳಗೆ ನೆಲದ ಮೇಲಿರುವಷ್ಟೇ. ಆದ್ದರಿಂದ ರಕ್ತದಲ್ಲಿ ಸಾರಜನಕ ಕರಗುವ ಭಯವಿಲ್ಲ, ಕೀಲುಗಳು ಮಾತ್ರ ಬಲು ಬಿಗಿ. ಮುಂದೆ 1990ರಲ್ಲಿ ಅವರು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ಮುಖ್ಯ ವಿಜ್ಞಾನಿಯಾದರು, ಆ ಹುದ್ದೆಗೆ ಬಂದ ಮೊದಲ ಹೆಂಗಸು. 2020ರಲ್ಲಿ ಕ್ಯಾಥಿ ಸಲ್ಲಿವನ್ ಮರಿಯಾನಾ ಕಮರಿಯ ತಳಕ್ಕೆ, ಸುಮಾರು 10.9 ಕಿಲೊಮೀಟರ್ ಆಳಕ್ಕೆ ಇಳಿದರು. ಬಾಹ್ಯಾಕಾಶದಲ್ಲಿ ನಡೆದ ಮೊದಲ ಅಮೆರಿಕನ್ ಮಹಿಳೆ ಅವರೇ.

ಜೆಜುವಿನಲ್ಲಿ ಚಿತ್ರ ಉಲ್ಟಾ. 1960ರ ದಶಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಹೆನ್ಯೊಗಳು ಇಂದು ಮೂರು ಸಾವಿರದೊಳಗಿದ್ದಾರೆ, ಬಹುಪಾಲು ಅರವತ್ತು ದಾಟಿದವರು, ಎಂಬತ್ತು ದಾಟಿಯೂ ಮುಳುಗುವವರಿದ್ದಾರೆ. ಅವರ ಬದುಕನ್ನು ಪ್ರವಾಸದ ಪೋಸ್ಟರಿನಂತೆ ನೋಡುವುದು ತಪ್ಪು. ಕಿವಿಯ ತಮಟೆಗೆ ಪೆಟ್ಟು ಬಿದ್ದು ಕೇಳಿಸದೆ ಜೋರಾಗಿ ಮಾತಾಡುವವರು, ತಲೆನೋವಿಗೆ ಮಾತ್ರೆ ನುಂಗದೆ ನೀರಿಗಿಳಿಯಲಾಗದವರು ಅವರಲ್ಲಿ ಬಹಳ. ನನ್ನ ಮಗಳು ಈ ಕಸುಬಿಗೆ ಬರಬಾರದು ಎಂದು ತಾಯಂದಿರೇ ದುಡಿದು ಓದಿಸಿದರು. ಹೆನ್ಯೊಗಳ ಸಂಖ್ಯೆ ಇಳಿಯಲು ಅದೇ ದೊಡ್ಡ ಕಾರಣ, ಅದನ್ನು ನಷ್ಟ ಎಂದಷ್ಟೇ ಬರೆಯಲು ನನಗೆ ಮನಸ್ಸಿಲ್ಲ.

ಉಸಿರು ಹಿಡಿದು ಮುಳುಗಿ ಮನೆ ನಡೆಸುವ ಹೆಂಗಸರು ನಮ್ಮ ದೇಶದಲ್ಲೂ ಇದ್ದಾರೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆ, ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತ, ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು, ಕನ್ನಡಕ ಕಟ್ಟಿಕೊಂಡು, ಬಂಡೆಗಳಿಂದ ಕಡಲ ಪಾಚಿ ಕೀಳುತ್ತಾರೆ. ಐಸ್‌ಕ್ರೀಮಿಗೂ ಔಷಧಕ್ಕೂ ಪ್ರಯೋಗಾಲಯದ ತಟ್ಟೆಗೂ ಬೇಕಾದ ಅಗರ್ ಆ ಪಾಚಿಯಿಂದ ಬರುತ್ತದೆ. ಆ ಸೀಮೆ ರಾಷ್ಟ್ರೀಯ ಉದ್ಯಾನವಾದ ಮೇಲೆ ದ್ವೀಪಗಳ ಹತ್ತಿರ ಹೋಗುವುದೇ ಅವರಿಗೆ ತಕರಾರಿನ ವಿಷಯವಾಯಿತು. ಆಗ ತಿಂಗಳಿಗೆ ಹನ್ನೆರಡು ದಿನ ಮಾತ್ರ ಪಾಚಿ ತೆಗೆಯುತ್ತೇವೆ ಎಂದು ಅವರೇ ತಮಗೆ ತಾವು ಕಟ್ಟಳೆ ಹಾಕಿಕೊಂಡರು. ಅವರ ಪರವಾಗಿ ದನಿಯೆತ್ತಿದ ಪಾಂಬನ್‌ನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು. ಕೊರಿಯಾದಲ್ಲಿ ಅಳೆದದ್ದನ್ನೆಲ್ಲ ಇಲ್ಲೂ ಅಳೆಯಬೇಕು: ಬೆಚ್ಚನೆಯ ನೀರಿನಲ್ಲಿ ಹೃದಯ ಎಷ್ಟು ನಿಧಾನವಾಗುತ್ತದೆ, ಗುಲ್ಮ ಎಷ್ಟು ಹಿಂಡಿಕೊಳ್ಳುತ್ತದೆ, ಮುಳುಗಿಗೂ ಮುಳುಗಿಗೂ ನಡುವೆ ಅವರು ಎಷ್ಟು ಹೊತ್ತು ಬಿಡುವು ಕೊಡುತ್ತಾರೆ. ಅಳೆಯಲು ಹೋಗುವ ತಂಡದಲ್ಲಿ ಕಿವಿ ನೋಡುವ ಡಾಕ್ಟರೂ ಇರಲಿ, ಪ್ರಶ್ನೆಪಟ್ಟಿ ಬರೆಯುವಾಗ ಆ ಹೆಂಗಸರನ್ನೂ ಕೂರಿಸಿಕೊಳ್ಳಲಿ.